ಅಂಗಿಯ ಕಲೆ, ಗ್ಯಾಲರಿಯ ಕಲೆ

ಅಮೂರ್ತ ಚಿತ್ರ ಎಂದ ಕೂಡಲೆ ನಮ್ಮ ಗೆಳೆಯರಲ್ಲಿ ಹಲವರು ಮುಖ ತಿರುಗಿಸುತ್ತಾರೆ. 'ತಲೆಯಿಲ್ಲ, ಬುಡವಿಲ್ಲ, ಹೊಟ್ಟೆ ತುಂಬಿದವರ ಆಟ ಕಣ್ರಿ ಅದು' ಅಂತಾರೆ. ಈ ಸಿಟ್ಟಿಗೆ ಕಾರಣವಿದೆ. ಆದರೆ ಅದರೊಳಗೊಂದು ಅಪಾಯವೂ ಇದೆ. ದುಡಿಯುವ ಜನಕ್ಕೆ ಹಸಿವಿನ ಚಿತ್ರ ಮಾತ್ರ ಸಾಕು, ಬರೀ ಗೆರೆಯ, ಬರೀ ಬಣ್ಣದ ಸೊಗಸು ಅವರಿಗೆ ತಿಳಿಯದು ಅನ್ನುವುದು ಮೇಲಿನವರ ಮಾತು. ಅದನ್ನೇ ನಾವು ಬೇರೆ ದನಿಯಲ್ಲಿ ಒಪ್ಪಿಕೊಂಡಂತಾಯಿತು. ನಮ್ಮ ಜನಕ್ಕೆ ಹೊಟ್ಟೆ ಮಾತ್ರ ಇದೆಯೆ, ಕಣ್ಣಿಲ್ಲವೆ?

ಸಾಗರ, ಸೊರಬದ ಕಡೆಯ ದೀವರ ಹೆಂಗಸರು ಬರೆಯುವ ಹಸೆ ಚಿತ್ತಾರ ನೋಡಿ. ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿ ಅರೆದ ಬಿಳಿ, ಪುಂಡಿ ನಾರಿನ ಕುಂಚ. ಮದುಮಕ್ಕಳೂ ಅಲ್ಲಿ ಗೆರೆಗಳಾಗಿಯೇ ನಿಲ್ಲುತ್ತಾರೆ. 1951ರಲ್ಲಿ ಕಾಗೋಡಿನಲ್ಲಿ ಗೇಣಿ ಅಳೆಯುವ ಕೊಳಗದ ಮೋಸ ಪ್ರಶ್ನಿಸಿ ಎದ್ದ ಗೇಣಿದಾರರು ಇದೇ ಜನ. 1915ರಲ್ಲಿ ರಷ್ಯಾದ ಮಾಲೆವಿಚ್ ಒಂದು ಕಪ್ಪು ಚೌಕ ಬರೆದು, ದೇವರ ಪಟ ಇಡುವ ಮೂಲೆಯಲ್ಲಿ ತೂಗುಹಾಕಿದ. ಅದು ಕಲೆಯ ಕ್ರಾಂತಿಯಾಯಿತು. ನಮ್ಮ ಹೆಂಗಸರ ಗೆರೆ ಮಾತ್ರ 'ಜಾನಪದ', 'ಕರಕುಶಲ'. ಹೆಸರಿಡುವ ಅಧಿಕಾರ ಯಾರ ಕೈಲಿದೆ ಅನ್ನುವುದೇ ಇಲ್ಲಿ ಜಗಳ.

ಫೋಟೋದ ಮಾತು ಬೇರೆ. ಗೆರೆ ಬರೆಯುವವಳ ಕೈಯಿಂದ ಹುಟ್ಟುತ್ತದೆ. ಫೋಟೋಕ್ಕೆ ಎದುರಿಗೆ ಏನಾದರೂ ಇರಲೇಬೇಕು. ಹಾಗಾಗಿ ಅದಕ್ಕೆ ಯಾರದೋ ಋಣ ಇದ್ದೇ ಇರುತ್ತದೆ. ಶೆಟ್ಟಿಕೊಪ್ಪದ ಸುತ್ತಮುತ್ತ ಮಳೆಗಾಲದಲ್ಲಿ ಅಡಿಕೆಗೆ ಕೊಳೆರೋಗ ಬಾರದಂತೆ ಮೈಲುತುತ್ತ, ಸುಣ್ಣ ಕಲಸಿ ಹೊಡೆಯುತ್ತಾರೆ. ಹೊಡೆಯುವವನ ಅಂಗಿ ತುಂಬ ನೀಲಿ ಕಲೆ. ಕ್ಯಾಮೆರಾ ಹತ್ತಿರ ಹಿಡಿದು ಆ ಅಂಗಿಯ ಒಂದು ಗೇಣು ಜಾಗ ತೆಗೆದರೆ, ಪೇಟೆಯ ಗ್ಯಾಲರಿಗೆ ಸೊಗಸಾದ ಅಮೂರ್ತ ಚಿತ್ರ. ಆ ಸೊಗಸು ಸುಳ್ಳಲ್ಲ, ನಮ್ಮ ಕಣ್ಣೂ ಅಲ್ಲಿ ನಿಲ್ಲುತ್ತದೆ. ಆದರೆ ಚೌಕಟ್ಟಿನಾಚೆ ಉಳಿದದ್ದು ಜಾರುವ ಮರ, ಸುಣ್ಣಕ್ಕೆ ಸುಟ್ಟ ಕೈ, ದಿನದ ಕೂಲಿ. ಅಂಗಿಗೆ ಹತ್ತಿದ್ದೂ ಕಲೆ, ಗೋಡೆಗೇರಿದ್ದೂ ಕಲೆ. ಮೊದಲನೆಯದು ಅವನ ಪಾಲಿಗೆ, ಎರಡನೆಯದರ ದುಡ್ಡು ಇನ್ನೊಬ್ಬರ ಪಾಲಿಗೆ.

ಹಾಗಂತ ಮುಖವನ್ನೇ ತೋರಿಸಿ ಅಂತ ಫರ್ಮಾನು ಹೊರಡಿಸಿದರೆ ಋಣ ತೀರುವುದಿಲ್ಲ. ಅಮೆರಿಕದ ಪಾಲ್ ಸ್ಟ್ರಾಂಡ್ 1916ರಲ್ಲಿ ಬಟ್ಟಲುಗಳನ್ನು, ಜಗಲಿಯ ನೆರಳನ್ನು ಬರೀ ಆಕಾರಗಳಾಗಿ ತೆಗೆದ. ಅದೇ ವರ್ಷ ನ್ಯೂಯಾರ್ಕಿನ ಬೀದಿಯಲ್ಲಿ, ಕುರುಡಿ ಎಂದು ಬರೆದ ಫಲಕ ಕೊರಳಿಗೆ ಹಾಕಿಕೊಂಡ ಹೆಂಗಸಿನ ಮುಖ ತೆಗೆದ. ಅದು ಬಡವರ ಚಿತ್ರವೆಂದು ಹೆಸರಾಯಿತು. ಆದರೆ ತೆಗೆದದ್ದು ಅವಳಿಗೆ ತಿಳಿಯದಂತೆ. ಅಂದಮೇಲೆ ಪ್ರಶ್ನೆ ಮೂರ್ತವೋ ಅಮೂರ್ತವೋ ಅನ್ನುವುದಲ್ಲ; ಎದುರಿಗಿದ್ದವರನ್ನು ಕೇಳಿದಿರಾ ಅನ್ನುವುದು.

ಹಳ್ಳಿಯ ಮೇಷ್ಟ್ರುಗಳು ಮಕ್ಕಳಿಗೆ ಇಂಥ ಚಿತ್ರಗಳನ್ನು ಧಾರಾಳವಾಗಿ ತೋರಿಸಲಿ, ಈ ಪ್ರಶ್ನೆಯನ್ನೂ ಕಲಿಸಲಿ. ಕ್ಯಾಮೆರಾ ಈಗ ಮೊಬೈಲಿನಲ್ಲಿ ಕೂಲಿಯವನ ಜೇಬಿಗೂ ಬಂದಿದೆ. ತನ್ನ ಅಂಗಿಯ ನೀಲಿಯನ್ನು ಅವನೇ ತೆಗೆಯಲಿ. ಮುಖ ಬೇಕೋ, ಬರೀ ಬಣ್ಣ ಸಾಕೋ ಅಂತ ಅವನೇ ತೀರ್ಮಾನಿಸಲಿ.