ನಟನಿಗೂ ತಿಂಗಳ ಕೊನೆ ಬರುತ್ತದೆ

ಬೆಂಗಳೂರಿನಲ್ಲಿ ನಟನೆ ಕಲಿಸುವ ಬೋರ್ಡುಗಳಿಗೆ ಬರವಿಲ್ಲ. ಮೂರು ತಿಂಗಳದ್ದು, ಆರು ತಿಂಗಳದ್ದು, ಶನಿವಾರ-ಭಾನುವಾರದ ಬ್ಯಾಚು. ಡಾನ್ಸು, ಫೈಟು, ಕ್ಯಾಮೆರಾ ಮುಂದೆ ನಿಲ್ಲುವ ಧೈರ್ಯ, ಕಡೆಗೊಂದು ಪೋರ್ಟ್‌ಫೋಲಿಯೋ. ರಂಗಭೂಮಿಯವರು ಇವನ್ನು ಕಂಡು ಮೂಗು ಮುರಿಯುತ್ತಾರೆ. ಮುರಿಯಲಿ. ಆದರೆ ಗಂಭೀರ ಎನಿಸಿಕೊಂಡ ಸಂಸ್ಥೆಗಳ ಬಗ್ಗೆ ಬರೆಯುವಾಗಲೂ ನಾವು ವಿಮರ್ಶಕರು ನೋಡುವುದು ಪ್ರಯೋಗವನ್ನು, ವಿನ್ಯಾಸವನ್ನು, ನಿರ್ದೇಶಕರ ದೃಷ್ಟಿಯನ್ನು. ಆ ಪ್ರಯೋಗದ ನಟ ಕಳೆದ ವರ್ಷ ಎಷ್ಟು ದಿನ ಬಣ್ಣ ಹಚ್ಚಿದ, ಉಳಿದ ದಿನ ಏನು ಮಾಡಿದ, ಮನೆ ಬಾಡಿಗೆ ಯಾರು ಕಟ್ಟಿದರು ಎಂಬುದೆಲ್ಲ ವಿಮರ್ಶೆಯ ಹೊರಗಿನ ಮಾತು ಎಂದು ಒಪ್ಪಿಕೊಂಡುಬಿಟ್ಟಿದ್ದೇವೆ. ನನಗೆ ಹಾಗನ್ನಿಸುವುದಿಲ್ಲ. ನಟನ ಕಸುಬು ಹದಕ್ಕೆ ಬರುವುದು ಆಡಿದ ಆಟಗಳಿಂದ. ಎಷ್ಟು ಆಟ ಆಡಬಹುದು ಎನ್ನುವುದನ್ನು ತೀರ್ಮಾನಿಸುವುದು ಹೊಟ್ಟೆಪಾಡು. ಕನ್ನಡದಲ್ಲಿ ನಟರನ್ನು ಬೆಳೆಸಿದ ಏರ್ಪಾಟುಗಳನ್ನು ಒಮ್ಮೆ ಅನ್ನದ ಕಡೆಯಿಂದ ಅಳೆದು ನೋಡಬೇಕು.

1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿ ಎಂದೊಡನೆ 'ಕುರುಕ್ಷೇತ್ರ' ನಾಟಕದಲ್ಲಿ ರಂಗದ ಮೇಲೆ ಬಂದ ನಿಜವಾದ ಆನೆ-ಕುದುರೆಗಳ ಮಾತು ಬರುತ್ತದೆ. ಅಲ್ಲಿ ನಟನಿಗೆ ಸಿಗುತ್ತಿದ್ದುದು ತಿಂಗಳ ಸಂಬಳ, ಕಂಪನಿಯ ಊಟ, ಉಳಿಯಲು ಬಿಡಾರ, ಮತ್ತು ರಾತ್ರಿಯ ಮೇಲೆ ರಾತ್ರಿ ಆಟ. ಗುಬ್ಬಿ ವೀರಣ್ಣನವರೇ ಬಾಲನಟರಾಗಿ ಒಳಗೆ ಬಂದು ಮಾಲೀಕರಾದವರು. ಬಿ.ವಿ. ಕಾರಂತರು ಹುಡುಗರಾಗಿದ್ದಾಗ ಮನೆ ಬಿಟ್ಟು ಬಂದು ಸೇರಿದ್ದೂ ಇಲ್ಲಿಗೇ. ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರ ಮಗ ಮುತ್ತುರಾಜ್, ಅಂದರೆ ಮುಂದಿನ ರಾಜ್‌ಕುಮಾರ್, ಅಪ್ಪನ ಜೊತೆಯಲ್ಲಿ ಕಂಪನಿಯೊಳಗೇ ಬೆಳೆದವರು. ಅಲ್ಲಿ ಪಾಠ ಎಂದು ಪ್ರತ್ಯೇಕ ಇರಲಿಲ್ಲ. ಸೈಡ್‌ವಿಂಗಿನಲ್ಲಿ ನಿಂತವನು ನಾಟಕದ ಎಲ್ಲ ಮಾತನ್ನೂ ಬಾಯಿಪಾಠ ಮಾಡಿಕೊಂಡಿರುತ್ತಿದ್ದ. ದೊಡ್ಡ ಪಾತ್ರದವರಿಗೆ ಜ್ವರ ಬಂದ ದಿನ ಅವನ ಅದೃಷ್ಟದ ದಿನ.

ಇದನ್ನು ಚಿನ್ನದ ಕಾಲ ಎಂದು ಕರೆಯಲಾರೆ. ಮೊಕ್ಕಾಮಿನಲ್ಲಿ ಮಳೆ ಹಿಡಿದರೆ ಸಂಬಳ ನಿಲ್ಲುತ್ತಿತ್ತು, ಮಕ್ಕಳ ಓದು ಊರಿಂದೂರಿಗೆ ಹರಿದುಹೋಗುತ್ತಿತ್ತು, ಕಂಪನಿ ಮುರಿದರೆ ಇಡೀ ಬಿಡಾರ ಬೀದಿಗೆ ಬರುತ್ತಿತ್ತು. ಆದರೂ ಉತ್ತರ ಕರ್ನಾಟಕದಲ್ಲಿ ಈ ಪದ್ಧತಿ ಇನ್ನೂ ಸತ್ತಿಲ್ಲ. ಬಾದಾಮಿಯ ಬನಶಂಕರಿ ಜಾತ್ರೆಗೆ ಹೋದವರು ನೋಡಿರುತ್ತಾರೆ, ಒಂದರ ಪಕ್ಕ ಒಂದು ಕಂಪನಿಯ ಥಿಯೇಟರು ಎದ್ದು ನಿಂತಿರುತ್ತದೆ. ದ್ವಂದ್ವಾರ್ಥದ ಸಂಭಾಷಣೆಗೆ ಅವನ್ನು ಬೈಯುವ ನಗರದ ನಾವು, ಮುಖ್ಯವಾಗಿ ಟಿಕೆಟ್ಟಿನ ದುಡ್ಡಿನಿಂದಲೇ ನಟನಿಗೆ ಸಂಬಳ ಕೊಡುವ ಕೆಲವೇ ಜಾಗಗಳಲ್ಲಿ ಅದೂ ಒಂದು ಎಂಬುದನ್ನು ಮರೆಯುತ್ತೇವೆ.

ಸಿನಿಮಾದ ಕಥೆ ಹೇಳುವಾಗ 1954ರ 'ಬೇಡರ ಕಣ್ಣಪ್ಪ' ಬಂತು, ರಾಜ್‌ಕುಮಾರ್ ತಾರೆಯಾದರು ಎಂದು ಒಂದೇ ಉಸಿರಿನಲ್ಲಿ ಮುಗಿಸುತ್ತೇವೆ. ಅವೆರಡರ ನಡುವಿನ ವರ್ಷಗಳೇ ಹೊಸ ನಟರಿಗೆ ಹೆಚ್ಚು ಉಪಯೋಗದವು. ಆಗ ವರ್ಷಕ್ಕೆ ಬೆರಳೆಣಿಕೆಯ ಕನ್ನಡ ಚಿತ್ರಗಳು, ಅವೂ ಹೆಚ್ಚಾಗಿ ಮದ್ರಾಸಿನಲ್ಲಿ. ನಾಯಕನಾದವನಿಗೂ ವರ್ಷವಿಡೀ ಕೆಲಸವಿಲ್ಲ. ಆಗ ರಾಜ್‌ಕುಮಾರ್, ಬಾಲಕೃಷ್ಣ, ನರಸಿಂಹರಾಜು, ಜಿ.ವಿ. ಅಯ್ಯರ್ ಸೇರಿ ಕನ್ನಡ ಚಲನಚಿತ್ರ ಕಲಾವಿದರ ಸಂಘ ಕಟ್ಟಿದರು. ಪರದೆಯ ಮೇಲೆ ಮುಖ ಕಂಡಿದ್ದ ನಟರು ಮತ್ತೆ ಊರೂರು ಸುತ್ತಿ ನಾಟಕ ಆಡಿದರು. ಅದೇ ಸಂಘ 1960ರಲ್ಲಿ 'ರಣಧೀರ ಕಂಠೀರವ' ಚಿತ್ರವನ್ನೂ ಮಾಡಿತು. ನಾಲ್ವರೂ ಕಂಪನಿಯ ಗರಡಿಯವರು, ಬೇರೆ ಬೇರೆ ತೂಕದ ಪಾತ್ರದವರು: ಒಬ್ಬ ನಾಯಕ, ಒಬ್ಬ ಖಳ ಮತ್ತು ಹಾಸ್ಯ ಎರಡಕ್ಕೂ ಸಲ್ಲುವವನು, ಒಬ್ಬ ಹಾಸ್ಯನಟ, ಒಬ್ಬ ಬರೆಯಬಲ್ಲವನು. ಯಾರೂ ಇನ್ನೊಬ್ಬರ ಅನ್ನಕ್ಕೆ ಅಡ್ಡ ಬರುವವರಲ್ಲ. ಫೋನ್ ಬರಲಿ ಎಂದು ಕಾಯುವ ಬದಲು ಕೆಲಸವನ್ನೇ ಹುಟ್ಟಿಸಿಕೊಂಡ ಈ ಪ್ರಸಂಗವನ್ನು ಯಾವ ನಟನಾ ಶಾಲೆಯೂ ಪಾಠವಾಗಿ ಇಟ್ಟಂತೆ ಕಾಣೆ. ಮುಂದೆ 2013ರಲ್ಲಿ ಪ್ರೇಕ್ಷಕರಿಂದಲೇ ಹಣ ಕೂಡಿಸಿ 'ಲೂಸಿಯಾ' ತಯಾರಾದಾಗ, ಅದರ ನಾಯಕ ಸತೀಶ್ ನೀನಾಸಂ ಕೂಡ ರಂಗಭೂಮಿಯ ತರಬೇತಿಯಿಂದ ಬಂದವರೇ ಆಗಿದ್ದರು. ಹೊಸದು ಎಂದು ನಾವು ಕೊಂಡಾಡಿದ್ದಕ್ಕೆ ಹಳೆಯ ಬೇರಿತ್ತು.

ಕರಾವಳಿಯ ಕಡೆ ತಿರುಗಿದರೆ ಲೆಕ್ಕ ಇನ್ನೂ ಸ್ಪಷ್ಟ. ಯಕ್ಷಗಾನದ ಹರಕೆ ಮೇಳಗಳಲ್ಲಿ, ಕಟೀಲಿನದಿರಲಿ ಮಂದಾರ್ತಿಯದಿರಲಿ, ಕಲಾವಿದ ಒಂದು ತಿರುಗಾಟಕ್ಕೆ ನಿಗದಿಯಾಗುತ್ತಾನೆ. ದೀಪಾವಳಿಯ ಆಚೆಗೆ ಮೇಳ ಹೊರಟರೆ ಮಳೆಗಾಲಕ್ಕೆ ಮುಂಚಿನ ಪತ್ತನಾಜೆಯ ಹೊತ್ತಿಗೆ ಗೆಜ್ಜೆ ಬಿಚ್ಚುವುದು. ಭಕ್ತರು ಆಟಕ್ಕೆ ವರ್ಷಗಟ್ಟಲೆ ಮೊದಲೇ ಹೆಸರು ಬರೆಸಿರುತ್ತಾರೆ; ಇಂಥ ಮುಂಗಡ ಬುಕಿಂಗ್ ಯಾವ ತಾರೆಯ ಸಿನಿಮಾಕ್ಕೂ ಇಲ್ಲ. ಮಳೆಗಾಲದ ತಿಂಗಳುಗಳಿಗೂ ಅವರಲ್ಲಿ ದಾರಿಗಳಿವೆ: ತಾಳಮದ್ದಲೆ, ಮನೆಮನೆಗೆ ಹೋಗುವ ಚಿಕ್ಕಮೇಳ, ಮುಂಬೈ-ಬೆಂಗಳೂರಿನ ಕರಾವಳಿಗರ ಮುಂದೆ ಆಟ. ಬಾಲಗೋಪಾಲನ ವೇಷದಿಂದ ಶುರುವಾದ ಹುಡುಗ ಪುಂಡುವೇಷಕ್ಕೆ, ಆಮೇಲೆ ಎದುರುವೇಷಕ್ಕೆ ಏರುವ ಮೆಟ್ಟಿಲು ಎಲ್ಲರಿಗೂ ಗೊತ್ತು. ತನ್ನ ಸ್ಥಾನ ಎಲ್ಲಿದೆ, ಮುಂದಿನದು ಯಾವುದು ಎನ್ನುವುದನ್ನು ಅವನು ಯಾರನ್ನೂ ಕೇಳಬೇಕಿಲ್ಲ. ಹೆಂಗಸರಿಗೆ ಈ ಮೆಟ್ಟಿಲು ಬಹುಕಾಲ ಮುಚ್ಚಿತ್ತು, ವೃತ್ತಿಮೇಳಗಳಲ್ಲಿ ಈಗಲೂ ಹೆಚ್ಚು ತೆರೆದಿಲ್ಲ. ಆ ದೋಷ ಸಣ್ಣದಲ್ಲ.

ಈ ಎರಡು ಹಿನ್ನೆಲೆಯಿಟ್ಟುಕೊಂಡು ಹೆಗ್ಗೋಡಿಗೆ ಬರೋಣ. ಅಲ್ಲಿ 1949ರಲ್ಲಿ ಶುರುವಾದ ನೀನಾಸಂ 1980ರಲ್ಲಿ ರಂಗಶಿಕ್ಷಣ ಕೇಂದ್ರ ತೆರೆಯಿತು. 1985ರಲ್ಲಿ ಅದರ ಸಂಚಾರಿ ತಂಡ 'ತಿರುಗಾಟ' ಹೊರಟಿತು. ಹೆಸರೇ ಮೇಳದಿಂದ ಬಂದದ್ದು. ನೀನಾಸಂ ಕಟ್ಟಿದ ಕೆ.ವಿ. ಸುಬ್ಬಣ್ಣನವರ ವಿಚಾರಗಳ ಬಗ್ಗೆ ಸಾಕಷ್ಟು ಬರೆದಿದ್ದಾರೆ. ನನಗೆ ಅವರ ದೊಡ್ಡ ಸಾಧನೆಯಾಗಿ ಕಾಣುವುದು ಈ ವೇಳಾಪಟ್ಟಿ. ಹತ್ತು ತಿಂಗಳು ಕಲಿತ ಹುಡುಗ-ಹುಡುಗಿಯರು ಲಾರಿ ಹತ್ತಿ ಹೊರಡುತ್ತಾರೆ. ಸಂಜೆ ಸೆಟ್ ಕಟ್ಟಬೇಕು, ಲೈಟು ತೂಗಿಸಬೇಕು, ಆಡಬೇಕು, ರಾತ್ರಿ ಎಲ್ಲ ಬಿಚ್ಚಿ ಲಾರಿಗೆ ತುಂಬಬೇಕು. ಇವತ್ತು ಪೇಟೆಯ ಸುಸಜ್ಜಿತ ರಂಗಮಂದಿರ, ನಾಳೆ ಶಾಲೆಯ ಬಯಲು. ಒಂದೇ ಪಾತ್ರ ಇಪ್ಪತ್ತನೆಯ ಊರಿನಲ್ಲಿ ಬೇಸರ ತರಿಸುತ್ತದೆ. ಆ ಬೇಸರವನ್ನು ದಾಟುವುದು ಹೇಗೆ ಎನ್ನುವುದೇ ನಟನೆಯ ಮುಖ್ಯ ಪಾಠ. ಬೆಂಗಳೂರಿನ ಹವ್ಯಾಸಿ ನಾಟಕಗಳಲ್ಲಿ ಆ ಬೇಸರ ಹುಟ್ಟಲು ಅವಕಾಶವೇ ಇಲ್ಲ. ಎರಡು ತಿಂಗಳು ತಾಲೀಮು, ಮೂರು ಪ್ರದರ್ಶನ, ಒಂದು ಗುಂಪು ಫೋಟೋ. ಇಂದು ತೆರೆಯ ಮೇಲೆ ಅಚ್ಯುತ್ ಕುಮಾರ್ ಸಣ್ಣ ದೃಶ್ಯವನ್ನೂ ತೂಕ ತಪ್ಪದೆ ಹಿಡಿಯುವುದನ್ನು ನೋಡುವಾಗ ಹೆಗ್ಗೋಡಿನ ಕಲಿಕೆ ನೆನಪಿಗೆ ಬರದೆ ಇರದು.

ಹೆಗ್ಗೋಡು ಕಲಿಸದೆ ಬಿಟ್ಟದ್ದು ಲಾರಿ ಇಳಿದ ಮೇಲಿನ ಪಾಠ. ತಿರುಗಾಟ ಮುಗಿದ ಮರುದಿನ ಆ ಹುಡುಗಿ ಏನಾಗುತ್ತಾಳೆ? ಸರ್ಕಾರಿ ಪ್ರೌಢಶಾಲೆಯ ನಾಟಕ ಶಿಕ್ಷಕರ ಹುದ್ದೆ ಸಿಕ್ಕವರು ಪುಣ್ಯವಂತರು, ಹುದ್ದೆಗಳು ಕಡಿಮೆ. ಏಪ್ರಿಲ್-ಮೇ ತಿಂಗಳ ಮಕ್ಕಳ ಶಿಬಿರ, ಕಾಲೇಜಿನ ವಾರ್ಷಿಕೋತ್ಸವಕ್ಕೊಂದು ನಾಟಕ, ಇಲಾಖೆಯ ಜಾಗೃತಿಗೊಂದು ಬೀದಿ ನಾಟಕ: ರಂಗನಟರ ನಿಜವಾದ ಆದಾಯ ಬಹುಪಾಲು ಇಲ್ಲಿಂದಲೇ ಬರುತ್ತದೆ. ಇವನ್ನು ಹೇಗೆ ಒಪ್ಪಿಕೊಳ್ಳಬೇಕು, ಎಷ್ಟು ಕೇಳಬೇಕು ಎಂದು ಪಠ್ಯದಲ್ಲಿ ಹೇಳುವವರಿಲ್ಲ. ಕಲೆ ಮತ್ತು ಕೂಲಿಯನ್ನು ಒಂದೇ ವಾಕ್ಯದಲ್ಲಿ ಹೇಳಲು ನಮ್ಮ ರಂಗಶಿಕ್ಷಣಕ್ಕೆ ಈಗಲೂ ಸಂಕೋಚ.

ಆ ಸಂಕೋಚವಿಲ್ಲದೆ ಹುಟ್ಟಿದ್ದು ಮೈಸೂರಿನ ರಂಗಾಯಣ. 1989ರಲ್ಲಿ ಕಾರಂತರ ನೇತೃತ್ವದಲ್ಲಿ, ಸರ್ಕಾರದ ಹಣದಲ್ಲಿ, ಸಂಬಳ ಪಡೆಯುವ ನಟರ ತಂಡ. ಕನ್ನಡದ ನಟನೊಬ್ಬ ಬ್ಯಾಂಕಿನ ಸಾಲಕ್ಕೆ ಅರ್ಜಿ ಹಾಕಬಹುದಾದ ಸ್ಥಿತಿ ಬಂದದ್ದೇ ಒಂದು ಕ್ರಾಂತಿ. ಆ ಮೊದಲ ತಂಡ ಆಡಿದ ನಾಟಕಗಳಲ್ಲಿ ಒಂದು ಬಗೆಯ ಕೂಡು ಉಸಿರಾಟ ಇತ್ತು. ದಿನವೂ ಒಟ್ಟಿಗೆ ದುಡಿಯದವರಿಗೆ ಅದು ಬಾರದು. ಆದರೆ ಭದ್ರತೆ ಬಂದ ಮೇಲೆ ಬಾಗಿಲು ಹಾಕಿಕೊಂಡಿತು. ಒಂದೇ ಪೀಳಿಗೆ ದಶಕಗಟ್ಟಲೆ ಒಳಗೇ ಉಳಿದು ಒಳಗೇ ವಯಸ್ಸಾಯಿತು; ಹೊಸಬರು ಬಂದದ್ದು ಬಹುಮಟ್ಟಿಗೆ ತಾತ್ಕಾಲಿಕವಾಗಿ. ಸರ್ಕಾರ ಬದಲಾದಾಗ ನಿರ್ದೇಶಕರು ಬದಲಾಗುವ ಪದ್ಧತಿಯೂ ಸೇರಿಕೊಂಡಿತು. ಆ ಮೊದಲ ತಂಡದಿಂದ ಹೊರಗೆ ಬಂದ ಮಂಡ್ಯ ರಮೇಶ್ 'ನಟನ' ಕಟ್ಟಿ, ಸಿನಿಮಾ-ಧಾರಾವಾಹಿಯ ಜೊತೆಜೊತೆಗೆ ಮೈಸೂರಿನಲ್ಲಿ ರಂಗಶಾಲೆ ನಡೆಸಿಕೊಂಡು ಬಂದದ್ದು ನನಗೆ ಹೆಚ್ಚು ಕಲಿಸುವ ಉದಾಹರಣೆ: ತೆರೆಯ ಸಂಪಾದನೆ, ರಂಗದ ಕೆಲಸ, ಎರಡಕ್ಕೂ ಜಾಗ.

ಇನ್ನು ಧಾರಾವಾಹಿ. 1990ರ ದಶಕದ ಕೊನೆಗೆ ಟಿ.ಎನ್. ಸೀತಾರಾಂ ಅವರ 'ಮಾಯಾಮೃಗ' ಬಂದಾಗ ರಂಗನಟರಿಗೆ ಮೊದಲ ಸಲ ಪ್ರತಿದಿನದ ಕೆಲಸದ ರುಚಿ ಸಿಕ್ಕಿತು. ಇವತ್ತು ಕನ್ನಡದಲ್ಲಿ ಅತಿ ಹೆಚ್ಚು ನಟರಿಗೆ ಅನ್ನ ಹಾಕುತ್ತಿರುವುದು ಧಾರಾವಾಹಿಯೇ ಇರಬೇಕು. ಅದನ್ನು ಒಪ್ಪಿಕೊಂಡೇ ದೂರಬೇಕು. ದುಡ್ಡು ದಿನದ ಲೆಕ್ಕ. ತಿಂಗಳಿಗೆ ಎಷ್ಟು ದಿನ ಎನ್ನುವುದು ಕಥೆಯ ಟ್ರ್ಯಾಕಿನ ಕೈಯಲ್ಲಿ, ಟ್ರ್ಯಾಕು ಟಿಆರ್‌ಪಿಯ ಕೈಯಲ್ಲಿ. ಅತ್ತೆಯ ಪಾತ್ರದವರು ಈ ತಿಂಗಳು ಹದಿನೈದು ದಿನ ದುಡಿದರೆ, ಕಥೆಯಲ್ಲಿ ಅವರನ್ನು ತೀರ್ಥಯಾತ್ರೆಗೆ ಕಳಿಸಿದ ಮುಂದಿನ ತಿಂಗಳು ಒಂದು ದಿನವೂ ಇಲ್ಲ. ಕೆಲಸ ಇವತ್ತು, ಪೇಮೆಂಟು ಎರಡು-ಮೂರು ತಿಂಗಳ ಮೇಲೆ. ಸೀರೆ, ರವಿಕೆ, ಒಡವೆ ಅನೇಕ ಕಡೆ ನಟಿಯದೇ ಖರ್ಚು. ಮೊದಲ ವರ್ಷದ ಸಂಪಾದನೆ ಬಟ್ಟೆ ಅಂಗಡಿಗೆ ಹೋಯಿತು ಎನ್ನುವವರು ಉತ್ಪ್ರೇಕ್ಷೆ ಮಾಡುತ್ತಿಲ್ಲ. ಮುಖ್ಯ ಪಾತ್ರ ಸಿಕ್ಕರೆ ಬೇರೆ ವಾಹಿನಿಯ ಕೆಲಸ ಒಪ್ಪುವಂತಿಲ್ಲ, ಆದರೆ ನಟಿಯನ್ನು ಬದಲಿಸಲು ವಾಹಿನಿಗೆ ಒಂದು ವಾರ ಸಾಕು.

ಕಸುಬಿನ ದೃಷ್ಟಿಯಿಂದ ನನ್ನ ದೊಡ್ಡ ತಕರಾರು ಪ್ರಾಂಪ್ಟಿಂಗ್. ಸಹಾಯಕ ನಿರ್ದೇಶಕ ಪಕ್ಕದಿಂದ ಸಾಲು ಕೂಗುತ್ತಾನೆ, ನಟ ಕೇಳಿಸಿಕೊಂಡು ಒಪ್ಪಿಸುತ್ತಾನೆ, ಆಮೇಲೆ ಸ್ಟುಡಿಯೋದಲ್ಲಿ ದನಿ ತುಂಬುತ್ತಾರೆ. ಎದುರಿನವರ ಮಾತನ್ನು ಕೇಳಬೇಕಾದ ಕಿವಿ ಪಕ್ಕದವನ ಮಾತಿಗೆ ಮೀಸಲಾಗುತ್ತದೆ. ವರ್ಷಗಟ್ಟಲೆ ಹೀಗೆ ದುಡಿದು ರಂಗಕ್ಕೆ ಮರಳಿದ ನಟರಲ್ಲಿ ಕಾಣುವ ಒಂದು ಕ್ಷಣದ ತಡ, ಒಂದು ಖಾಲಿ ನೋಟ ಈ ಅಭ್ಯಾಸದ ಬಳುವಳಿ. ಭಾಷೆಯ ಅನ್ಯಾಯವೂ ಇದೆ. ಧಾರವಾಡದ ಹುಡುಗನೋ ಕಲಬುರಗಿಯ ಹುಡುಗಿಯೋ ತಮ್ಮ ಕನ್ನಡದಲ್ಲಿ ಮಾತಾಡಿದರೆ ಸಿಗುವುದು ಅಡುಗೆಯವನ, ಕೆಲಸದಾಕೆಯ, ನಗಿಸುವವನ ಪಾತ್ರ. 2022ರಲ್ಲಿ ಕರಾವಳಿಯ ಕನ್ನಡದಲ್ಲಿ ತಯಾರಾದ 'ಕಾಂತಾರ' ದೇಶವೆಲ್ಲ ಓಡಿದ ಮೇಲೂ ಮನೆಮನೆಯ ಧಾರಾವಾಹಿಗೆ ಆ ಧೈರ್ಯ ಪೂರ್ತಿ ಬಂದಿಲ್ಲ.

ಹಾಗಾದರೆ ಹೊಸಬರು ಏನು ಮಾಡಬೇಕು? ಹವ್ಯಾಸಿ ರಂಗಭೂಮಿ ಬೆಂಗಳೂರಿನಲ್ಲಿ ಬೆಳೆದದ್ದು ಸಂಜೆ ಆರು ಗಂಟೆಗೆ ತಾಲೀಮಿಗೆ ಬರಬಲ್ಲವರಿಂದ, ಅಂದರೆ ಕಾರ್ಖಾನೆ, ಬ್ಯಾಂಕು, ಸರ್ಕಾರಿ ಕಚೇರಿಯ ನೌಕರರಿಂದ. ನಾಟಕದ ಕರಪತ್ರದಲ್ಲಿ ಹೆಸರಿಲ್ಲದ ಪ್ರಾಯೋಜಕ ಆ ಸಂಬಳವೇ ಆಗಿತ್ತು. ಕೆಲಸ ಬಿಟ್ಟು ಬಂದರೆ ಮಾತ್ರ ನಿಜವಾದ ನಟ ಎಂಬ ಮಾತು ಕೇಳಲು ಚೆಂದ. ಬಿಟ್ಟವರಲ್ಲಿ ಗೆದ್ದವರ ಸಂದರ್ಶನ ಮಾತ್ರ ಅಚ್ಚಾಗುತ್ತದೆ. ಸಮಯ ಬಗ್ಗಿಸಬಲ್ಲ ಎರಡನೆಯ ಕಸುಬು, ಉದಾಹರಣೆಗೆ ಕಂಠದಾನ, ಪಾಠ ಹೇಳುವುದು, ಅನುವಾದ, ನಟನಿಗೆ ಅವಮಾನವಲ್ಲ. ಕಂಠದಾನಕ್ಕಂತೂ ಈಗ ಬೇಡಿಕೆ ಹೆಚ್ಚು. ಡಬ್ಬಿಂಗ್ ಬಂದರೆ ಕನ್ನಡ ಕಲಾವಿದರ ಅನ್ನ ಹೋಗುತ್ತದೆ ಎಂಬ ವಾದ ದಶಕಗಳ ಕಾಲ ನಡೆಯಿತು. ಡಬ್ಬಿಂಗ್‌ಗೆ ಅಡ್ಡಿಪಡಿಸುವುದರ ವಿರುದ್ಧ 2015ರಲ್ಲಿ ಸ್ಪರ್ಧಾ ಆಯೋಗದ ಆದೇಶ ಬಂತು. 2020ರ ಲಾಕ್‌ಡೌನಿನಲ್ಲಿ ಕನ್ನಡಕ್ಕೆ ಡಬ್ ಆದ 'ಮಹಾಭಾರತ' ಧಾರಾವಾಹಿ ಮನೆಮನೆಗೆ ನುಗ್ಗಿತು. ಕೆಲವರ ಕೆಲಸ ಹೋದದ್ದೂ ನಿಜ, ಕೆಲವರ ದನಿಗೆ ಬೆಲೆ ಬಂದದ್ದೂ ನಿಜ. ಅನ್ನದ ಹೆಸರಿನಲ್ಲಿ ನಡೆದ ಅಷ್ಟು ದೊಡ್ಡ ಜಗಳದಲ್ಲೂ ಸಣ್ಣ ಪಾತ್ರದವರ ಕೈಗೆ ಲಿಖಿತ ಒಪ್ಪಂದದ ಪ್ರತಿ ಕೊಡಿಸುವ ಮಾತು ಎಲ್ಲೂ ದೊಡ್ಡದಾಗಿ ಕೇಳಲಿಲ್ಲ ಎಂಬುದು ನನ್ನ ದೂರು.

ಚಾನ್ಸ್ ಕೊಡಿಸುತ್ತೇನೆ ಎಂದು ಮುಂಗಡ ಕೇಳುವವರ ಬಗ್ಗೆ ಹೆಚ್ಚು ಹೇಳಬೇಕಿಲ್ಲ: ಸಂಬಳ ಕೊಡುವವರು ಕೆಲಸಗಾರನಿಂದ ದುಡ್ಡು ಕೇಳುವುದಿಲ್ಲ. ಒಪ್ಪಿಕೊಂಡ ದಿನಗಳು, ದಿನದ ದರ, ದುಡ್ಡು ಯಾವಾಗ, ಬಟ್ಟೆ ಯಾರದು, ಇಷ್ಟನ್ನು ಒಂದು ವಾಟ್ಸಾಪ್ ಸಂದೇಶದಲ್ಲಾದರೂ ಬರೆಸಿಕೊಳ್ಳುವುದು ಅಹಂಕಾರವಲ್ಲ. ಸಾಮಾನ್ಯವಾಗಿ ಶೇ. 10 ತೆರಿಗೆ ಹಿಡಿದು ಹಣ ಕೊಡುತ್ತಾರೆ. ಕಡಿಮೆ ಆದಾಯದ ನಟರು ರಿಟರ್ನ್ಸ್ ಸಲ್ಲಿಸಿದರೆ ಅದು ಮರಳಿ ಬರುತ್ತದೆ, ಸಲ್ಲಿಸದಿದ್ದರೆ ಹೋದ ಹಾಗೆಯೇ.

ಇಂಥ ಕಾಗದದ ಬೆಲೆ ಮುಂದೆ ಇನ್ನೂ ಹೆಚ್ಚಲಿದೆ. 2024ರಲ್ಲಿ ಕರ್ನಾಟಕ ಸರ್ಕಾರ ಸಿನಿಮಾ ಮತ್ತು ಸಾಂಸ್ಕೃತಿಕ ಕಾರ್ಯಕರ್ತರ ಕ್ಷೇಮಾಭಿವೃದ್ಧಿಗೆಂದು ಕಾಯ್ದೆ ತಂದಿತು. ಸಿನಿಮಾ ಟಿಕೆಟ್ಟು, ಚಂದಾ ಹಣದ ಮೇಲೆ ಶೇ. 2ರವರೆಗೆ ಸೆಸ್ ಹಾಕಿ ನಿಧಿ ಕೂಡಿಸುವುದು ಅದರ ಯೋಜನೆ. ಆಶಯ ಒಳ್ಳೆಯದು. ಆದರೆ ಬನಶಂಕರಿ ಜಾತ್ರೆಯ ಕಂಪನಿ ನಟಿ, ಮೇಳದ ಸ್ತ್ರೀವೇಷಧಾರಿ, ಧಾರಾವಾಹಿಯಲ್ಲಿ ತಿಂಗಳಿಗೆ ನಾಲ್ಕು ದಿನದ ನೆರೆಮನೆಯಾಕೆ, ಇವರೆಲ್ಲ ತಾವು ದುಡಿದದ್ದನ್ನು ಯಾವ ದಾಖಲೆಯಿಂದ ತೋರಿಸಬೇಕು? ಮೇಳದವರಿಗೆ ಯಜಮಾನರ ಲೆಕ್ಕದ ಪುಸ್ತಕವಾದರೂ ಇದೆ. ಸೆಟ್ಟಿನಿಂದ ಮನೆಗೆ ಹೊರಡುವ ಹುಡುಗಿ ಮ್ಯಾನೇಜರನ್ನು ಮುಂದಿನ ಶೆಡ್ಯೂಲಿನ ತಾರೀಖಷ್ಟೇ ಕೇಳಿ ಬಂದರೆ ಸಾಲದು. ಸಹಿ ಹಾಕಿದ ವೋಚರಿನ ಫೋಟೋವನ್ನೂ ತೆಗೆದುಕೊಂಡು ಬರಬೇಕು.