ಕೊನೆಯ ಸಾಲಿನಿಂದ ಇನ್ನೋವಾ

ಗಾಡಿಗಳ ಗುಣದೋಷ ಬರೆಯುವವರು ಸಾಮಾನ್ಯವಾಗಿ ಸ್ಟಿಯರಿಂಗ್ ಹಿಡಿದೇ ಬರೆಯುತ್ತಾರೆ. ಏಳೆಂಟು ಮಂದಿ ಕೂರುವ ಗಾಡಿಗೆ ತೀರ್ಪು ಕೊಡಬೇಕಾದದ್ದು ಕೊನೆಯ ಸಾಲಲ್ಲವೇ?

2005ರಲ್ಲಿ ಬಿಡದಿಯ ಕಾರ್ಖಾನೆಯಿಂದ ಹೊರಬಂದ ಟೊಯೋಟಾದ ಡೀಸೆಲ್ ಇನ್ನೋವಾವನ್ನೇ ನೋಡೋಣ. 2494 ಸಿಸಿ ಎಂಜಿನ್, 102 ಪಿಎಸ್ ಶಕ್ತಿ, ಬೀಗುವಂಥ ಅಂಕಿಯೇನಲ್ಲ. ಆದರೆ 200 ನ್ಯೂಟನ್ ಮೀಟರ್ ಟಾರ್ಕ್ 1400 ಸುತ್ತುಗಳಲ್ಲೇ ಸಿಗುತ್ತಿತ್ತು. ಗಾಡಿ ತುಂಬಿದ್ದರೂ ಘಾಟಿಯಲ್ಲಿ ಪದೇ ಪದೇ ಗೇರು ಇಳಿಸಬೇಕಿರಲಿಲ್ಲ. ಕೂತವರಿಗೆ ಜಗ್ಗಾಟ ಕಡಿಮೆ.

ಅದಕ್ಕೂ ಹಿಂದಿನ ಕ್ವಾಲಿಸ್‌ನ ಹಿಂಬದಿಗೆ ಪಟ್ಟಿ ಸ್ಪ್ರಿಂಗುಗಳಿದ್ದವು. ಹೊಂಡ ಸಿಕ್ಕರೆ ಏಟು ನೇರ ಬೆನ್ನಿಗೆ. ಇನ್ನೋವಾದಲ್ಲಿ ಸುರುಳಿ ಸ್ಪ್ರಿಂಗು ಬಂದು ಏಟು ಮೆತ್ತಗಾಯಿತು. ಆದರೂ ಉಕ್ಕಿನ ಚೌಕಟ್ಟಿನ ಮೇಲೆ ಕೂರಿಸಿದ ಎತ್ತರದ ಒಡಲು ತಿರುವುಗಳಲ್ಲಿ ವಾಲುವುದು ತಪ್ಪಲಿಲ್ಲ. ಚಾಲಕನ ಕೈಗೆ ಸ್ಟಿಯರಿಂಗ್ ಇದೆ. ಹಿಂದಿನವರು ಏನು ಹಿಡಿಯಬೇಕು?

ನಾವೂ ವರ್ಷಗಟ್ಟಲೆ ಮುಂದಿನ ಸೀಟಿನಲ್ಲಿ ಕೂತೇ ಈ ಗಾಡಿಯನ್ನು ಹೊಗಳಿದವರು. ಹಿಂದೆ ತಾಯಿ ನಿಂಬೆಹಣ್ಣು ಮೂಸುತ್ತ ಸುಮ್ಮನಿರುತ್ತಿದ್ದರು. ಆ ಮೌನವನ್ನು ಆರಾಮವೆಂದುಕೊಂಡೆವು. ಚಾರ್ಮಾಡಿಯಲ್ಲೊಮ್ಮೆ ಜಾಗ ಬದಲಿಸಿ ಕೂತೆವು. ನಾಲ್ಕನೇ ತಿರುವಿಗೇ ಆ ನಿಂಬೆಹಣ್ಣು ಕೇಳಿ ಪಡೆದೆವು.

ತಪ್ಪು ಗಾಡಿಯದಲ್ಲ. ಯಾರನ್ನು ಎಲ್ಲಿ ಕೂರಿಸಬೇಕು, ಎಷ್ಟು ವೇಗದಲ್ಲಿ ಹೋಗಬೇಕು ಎಂದು ತೀರ್ಮಾನಿಸಿದವರು ನಾವೇ.