ಗುಡ್ಡದ ಸೀತಾಫಲಕ್ಕೆ ಪುರಂದರದ ಪಾಠ

ಬಯಲುಸೀಮೆಯ ಕನ್ನಡಿಗರಿಗೆ ಸೀತಾಫಲವೆಂದರೆ ಗುಡ್ಡದ ಹಣ್ಣು. ಯಾರೂ ನೆಡದೆ, ನೀರು ಹಾಯಿಸದೆ ಕಲ್ಲುಬಂಡೆಗಳ ನಡುವೆ ಬೆಳೆದದ್ದು ದಸರೆಯ ಹೊತ್ತಿಗೆ ಬುಟ್ಟಿ ತುಂಬಿ ಸಂತೆಗೆ ಬರುತ್ತದೆ. ತಾನಾಗಿ ಬೆಳೆಯುವ ಗಿಡಕ್ಕೆ ಆರೈಕೆ ಯಾಕೆ ಎಂಬ ಮಾತು ಹಾಗಾಗಿಯೇ ಬಂದಿದೆ. ಆ ಮಾತು ತಪ್ಪೆಂದು ತೋರಿಸಿಕೊಟ್ಟಿರುವುದು ಪುಣೆ ಜಿಲ್ಲೆಯ ಪುರಂದರ ತಾಲೂಕು.

ಪುಣೆಯಿಂದ ಹಡಪಸರ ದಾಟಿ ದಿವೇ ಘಾಟ್ ಹತ್ತಿದರೆ ಈ ತಾಲೂಕಿನ ಸಾಸವಡದ ಸುತ್ತ ಮಳೆನೆರಳಿನ ಸೀಮೆ. ಮುರುಕಲು ಮಣ್ಣು, ಕಡಿಮೆ ಮಳೆ, ಚೆನ್ನಾಗಿ ಬಸಿಯುವ ಇಳಿಜಾರು. ಸೀತಾಫಲಕ್ಕೆ ಬೇಕಾದುದೂ ಇದೇ. ಬೇರಿನಲ್ಲಿ ನೀರು ನಿಂತರೆ ಗಿಡ ಉಳಿಯದು. 2016ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ಬಂದಾಗ ಪುರಂದರಕ್ಕೆ ಅದು ದಕ್ಕಿದ್ದು ಅಂಜೂರದ ಹೆಸರಲ್ಲಿ, ಸೀತಾಫಲದ ಮನ್ನಣೆ ಹೋದದ್ದು ಬೀಡ್ ಜಿಲ್ಲೆಗೆ. ಆದರೂ ಪುಣೆಯವರ ನಾಲಿಗೆಯಲ್ಲಿ ಸೀತಾಫಲದ ಊರು ಸಾಸವಡವೇ. ರಾಹುರಿಯ ಮಹಾತ್ಮಾ ಫುಲೆ ಕೃಷಿ ವಿದ್ಯಾಪೀಠ ತನ್ನ ಸೀತಾಫಲ ತಳಿಯೊಂದಕ್ಕೆ 'ಫುಲೆ ಪುರಂದರ' ಎಂದೇ ಹೆಸರಿಟ್ಟಿದೆ.

ಇಲ್ಲಿನ ಬೆಳೆಗಾರರು ಗಿಡವನ್ನು ಅದರ ಪಾಡಿಗೆ ಬಿಡುವುದಿಲ್ಲ. ನೀರು ನಿಲ್ಲಿಸಿ ಗಿಡಕ್ಕೆ ವಿಶ್ರಾಂತಿ ಕೊಡುತ್ತಾರೆ, ಎಲೆ ಉದುರಿದ ಮೇಲೆ ಚಾಟ್ನಿ, ಅಂದರೆ ರೆಂಬೆ ಸವರುವ ಕೆಲಸ ಮಾಡುತ್ತಾರೆ, ಗೊಬ್ಬರ ಕೊಟ್ಟು ಮತ್ತೆ ನೀರು ಬಿಡುತ್ತಾರೆ. ಹೀಗೆ ಬೇಕಾದ ಹಂಗಾಮಿಗೆ ಹೂ ಬರಿಸುವುದಕ್ಕೆ ಬಹಾರ ಹಿಡಿಯುವುದು ಎನ್ನುತ್ತಾರೆ; ದಾಳಿಂಬೆಯಂತೆ ಇದಕ್ಕೂ ಅದುಂಟು. ಬೇಸಿಗೆಯಲ್ಲಿ ನೀರಿದ್ದವರ ತೋಟದಿಂದ ಮಳೆಗಾಲದ ಆರಂಭದಲ್ಲೇ ಹಣ್ಣು ಪೇಟೆಗೆ ಬಂದರೆ, ಮಳೆಯನ್ನೇ ನಂಬಿದ ತೋಟದ ಫಸಲು ದೀಪಾವಳಿಯ ಆಸುಪಾಸಿಗೆ.

ಎಲೆ ಉದುರಲೇಬೇಕು ಎನ್ನುವುದಕ್ಕೆ ಕಾರಣವಿದೆ. ಸೀತಾಫಲದ ಮೊಗ್ಗು ಎಲೆತೊಟ್ಟಿನ ಬುಡದೊಳಗೇ ಅಡಗಿರುತ್ತದೆ. ತೊಟ್ಟು ಕಳಚಿದ ಮೇಲಷ್ಟೇ ಅದಕ್ಕೆ ಹೊರಬರಲು ದಾರಿ. ಕಳಚಿದ ಜಾಗವನ್ನು ಬೆರಳಿನಿಂದ ಸವರಿದರೆ ನಯವಾದ ರೋಮದ ಪುಟ್ಟ ಗಂಟು ತಾಗುತ್ತದೆ. ಚಿಗುರೂ ಹೂವೂ ಬರುವುದು ಅಲ್ಲಿಂದಲೇ.

ಹೂವಿನ ಕಥೆ ಇನ್ನೂ ಸ್ವಾರಸ್ಯದ್ದು. ಹಸಿರು ಮಿಶ್ರಿತ ಹಳದಿಯ ಮೂರು ದಪ್ಪ ಎಸಳು, ನೆಲ ನೋಡುವ ಭಂಗಿ. ಒಂದೇ ಹೂವಿನಲ್ಲಿ ಗಂಡು ಹೆಣ್ಣು ಎರಡೂ ಇವೆ, ಆದರೆ ಒಂದೇ ಹೊತ್ತಿಗಲ್ಲ. ಮೊದಲು ಹೆಣ್ಣು ಭಾಗದ ತುದಿಯಾದ ಶಲಾಕಾಗ್ರ ಅಂಟಂಟಾಗಿ ಹೊಳೆಯುತ್ತದೆ. ಅದು ಒಣಗಿದ ನಂತರ ಪರಾಗ ಉದುರುತ್ತದೆ. ಹೂವಿನೊಳಗೆ ನುಸುಳುವ ಸಣ್ಣ ಜೀರುಂಡೆಗಳು ಒಂದರ ಪರಾಗವನ್ನು ಇನ್ನೊಂದಕ್ಕೆ ಮುಟ್ಟಿಸಿದರೆ ಕಾಯಿ. ಬಿರುಬೇಸಿಗೆಯ ಒಣಗಾಳಿಗೆ ಆ ಅಂಟು ಬೇಗ ಆರಿಹೋಗುವುದರಿಂದ ರಾಶಿ ಹೂ ಬಿಟ್ಟರೂ ಕಾಯಿ ನಿಲ್ಲುವುದಿಲ್ಲ. ಹಣ್ಣಿನ ಒಂದೊಂದು ಕಣ್ಣೂ ಒಂದೊಂದು ಅಂಡಕೋಶದ ಫಲ. ಪರಾಗ ಮುಟ್ಟದ ಕಡೆ ಕಣ್ಣು ಉಬ್ಬದೆ ಹಣ್ಣು ಸೊಟ್ಟಗಾಗುತ್ತದೆ.

ಇದಕ್ಕೆ ಮದ್ದು ಮನೆಯಲ್ಲೇ ಇದೆ. ಗಂಡು ಹಂತಕ್ಕೆ ಬಂದ ಹೂಗಳ ಪರಾಗವನ್ನು ಬಟ್ಟಲಿಗೆ ಉದುರಿಸಿಕೊಂಡು, ಅರೆತೆರೆದ ಹೊಸ ಹೂವಿನೊಳಗೆ ಬೆಳಿಗ್ಗೆಯೇ ಮೆತ್ತನೆಯ ಕುಂಚದಿಂದ ಸವರಬೇಕು. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ 'ಅರ್ಕಾ ಸಹನ್' ತಳಿಗೆ ಈ ಕೈಪರಾಗಸ್ಪರ್ಶ ಬಹುಮುಖ್ಯ. ಬೀಜ ಕಡಿಮೆ, ತಿರುಳು ದಂಡಿಯಾಗಿರುವ ಈ ತಳಿ ಬೇಕೆಂದವರು ಪಕ್ಕದಲ್ಲೊಂದು ಬಾಲಾನಗರ ತಳಿಯ ಗಿಡ ಇಟ್ಟುಕೊಂಡರೆ ಪರಾಗಕ್ಕೆ ಅಲೆಯಬೇಕಿಲ್ಲ.

ನೆಡುವವರು ಕಸಿ ಗಿಡವನ್ನೇ ತರಲಿ. ಬೀಜದ ಗಿಡವೂ ಮೂರು ನಾಲ್ಕು ವರ್ಷಕ್ಕೆ ಫಲ ಕೊಡುತ್ತದೆ, ಆದರೆ ತಾಯಿಯ ಗುಣ ಖಾತ್ರಿಯಿಲ್ಲ. ಎರಡಡಿ ಗುಂಡಿ, ಕೊಟ್ಟಿಗೆ ಗೊಬ್ಬರ, ಗಿಡದಿಂದ ಗಿಡಕ್ಕೆ ಸುಮಾರು 5 ಮೀಟರ್ ಅಂತರ ಸಾಕು. ಎಲೆಯನ್ನು ಆಡು ಕೂಡ ಮೂಸಿ ಬಿಡುವುದರಿಂದ ಬದುವಿನ ಮೇಲೂ ನಿರಾತಂಕ. ದೊಡ್ಡ ಶತ್ರು ಹಿಟ್ಟು ತಿಗಣೆ. ಅದನ್ನು ಹೊತ್ತು ತರುವ ಇರುವೆಗಳು ಕಾಂಡ ಹತ್ತದಂತೆ ಗ್ರೀಸ್ ಬಳಿದ ಪ್ಲಾಸ್ಟಿಕ್ ಪಟ್ಟಿ ಸುತ್ತಬೇಕು.

ಕಣ್ಣುಗಳ ನಡುವಿನ ಸಂದು ಅಗಲವಾಗಿ ಹಾಲುಹಳದಿಗೆ ತಿರುಗಿದಾಗ ಕಾಯಿ ಕೀಳಬೇಕು. ಅದಕ್ಕೆ ಮುಂಚೆ ಕಿತ್ತದ್ದು ಮೆತ್ತಗಾದರೂ ರುಚಿಸದು. ಗಟ್ಟಿ ಕಾಯನ್ನು ಫ್ರಿಜ್‌ನಲ್ಲಿಟ್ಟರೆ ಸಿಪ್ಪೆ ಕಪ್ಪಾಗಿ ಹಣ್ಣಾಗುವುದೇ ನಿಂತುಹೋಗುತ್ತದೆ. ಹುಲ್ಲಿನಲ್ಲೋ ಅಕ್ಕಿ ಡಬ್ಬಿಯಲ್ಲೋ ಇಡುವುದೇ ಸರಿ. ಹಣ್ಣಾದ ಮೇಲೆ ಅದರ ಆಯಸ್ಸು ಎರಡು ಮೂರು ದಿನ. ಹಾಗಾಗಿಯೇ ತಿರುಳು ತೆಗೆದು ಹೆಪ್ಪುಗಟ್ಟಿಸುವ ಉದ್ಯಮ ಬೆಳೆದಿದೆ. ಪುಣೆಯ ಐಸ್‌ಕ್ರೀಮು, ಮಸ್ತಾನಿ ಪಾನೀಯ, ಬಾಸುಂದಿಗಳಲ್ಲಿ ಸೀತಾಫಲ ವರ್ಷವಿಡೀ ಸಿಗುವುದು ಅದರಿಂದ.

ಬಾಸುಂದಿ ಮಾಡುವವರಿಗೊಂದು ಮಾತು. ಸುಮಾರು 65 ಡಿಗ್ರಿ ಸೆಲ್ಸಿಯಸ್ ಮೀರಿ ಕಾದರೆ ಈ ತಿರುಳು ಕಹಿಯಾಗುತ್ತದೆ. ಹಾಲನ್ನು ಬತ್ತಿಸಿ, ಪೂರ್ತಿ ಆರಿಸಿ, ಆಮೇಲೆ ಬೆರೆಸಿ. ಬೀಜವನ್ನು ಮಾತ್ರ ಮಕ್ಕಳ ಕೈಗೆ ಸಿಗದಂತೆ ಎಸೆಯಿರಿ. ಹೇನಿಗೆಂದು ಅರೆದ ಬೀಜದ ಪುಡಿ ಕಣ್ಣಿಗೆ ಬಿದ್ದರೆ ಗಾಯವಾಗುತ್ತದೆ.

ಬೀದರ, ಕಲಬುರಗಿಯಿಂದ ತುಮಕೂರಿನವರೆಗೆ ನಮ್ಮಲ್ಲೂ ಪುರಂದರದಂಥ ಒಣನೆಲ ಬೇಕಾದಷ್ಟಿದೆ. ಹೊಲದ ಬದುವಿನಲ್ಲಿ ಹತ್ತು ಗಿಡಕ್ಕಾದರೂ ಜಾಗವುಳ್ಳವರು ಈ ಬೇಸಿಗೆಯಲ್ಲಿ ಗುಂಡಿ ತೋಡಿಸಿ, ಮುಂಗಾರಿನ ಮೊದಲ ಹದ ಮಳೆಗೆ ಕಸಿ ಗಿಡ ನೆಡಿ.